ತುರುವಿನ ಬೈರಪ್ಪನ ಕಲ್ಲು – ೧೧: ಪುಟದ ಅಡಿಯಲ್ಲಿದ್ದ ಪದ

"ನಿಲ್ಲಿಸಿ!"

ಕೂಗಿದ್ದು ತಾನೇ ಎಂದು ಅರ್ಪಿತಳಿಗೆ ಗೊತ್ತಾದದ್ದು, ಕೆರೆ ಏರಿಯ ಮೇಲಿದ್ದ ತಲೆಗಳೆಲ್ಲ ತನ್ನ ಕಡೆ ತಿರುಗಿದ ಮೇಲೆ. ಬುಡಕ್ಕೆ ಪಂಚೆ ಉಡಿಸಿ ಕ್ರೇನಿನ ಕೊಕ್ಕೆಗೆ ತೂಗುಹಾಕಿದ್ದ ವೀರಗಲ್ಲು ಗುಂಡಿಯ ಮೇಲೆ ಮೊಳದೆತ್ತರದಲ್ಲಿ ನಿಂತಿತು. ತಮಟೆ ಎರಡು ಏಟು ಹೆಚ್ಚಿಗೆ ಬಡಿದು ಸುಮ್ಮನಾಯಿತು.

ತೊಳೆದು ತರುತ್ತೇನೆಂದು ನಂದಕುಮಾರ್ ಒಯ್ದಿದ್ದ ನೇರಳೆಕುಂಟೆಯ ಬೈರಪ್ಪನ ಕಲ್ಲು ಹೋದ ವಾರ ಊರಿಗೆ ವಾಪಸ್ಸಾಗಿತ್ತು. ಬಂದದ್ದು ಅದೇ ಕಲ್ಲಲ್ಲ ಎಂದು ಠಾಣೆಗೆ ದೂರು ಕೊಟ್ಟವನು ಆವಲಪ್ಪ ಒಬ್ಬನೇ.

ಆ ಆವಲಪ್ಪ ಈಗ ಗುಂಡಿಯ ಪಕ್ಕದಲ್ಲೇ ನಿಂತಿದ್ದ. ಬಾಶೆಟ್ಟಿಹಳ್ಳಿಯ ಕಾರ್ಖಾನೆಯ ನೀಲಿ ಅಂಗಿ, ಹೆಗಲ ಮೇಲೊಂದು ಟವೆಲ್ಲು. ಹಿರಿಯರು ಕೂತು ತೀರ್ಮಾನ ಮಾಡಿಯಾಗಿತ್ತು: ಬಲ್ಲವರು ಬಂದು ಕಲ್ಲು ಅಸಲಿ ಎಂದರೆ ಅವನು ಆ ಟವೆಲ್ಲನ್ನು ಸೊಂಟಕ್ಕೆ ಕಟ್ಟಿ, ಊರೆದುರು ನಂದಕುಮಾರನ ಕಾಲಿಗೆ ಬಿದ್ದು, ದೂರು ಹಿಂದಕ್ಕೆ ತೆಗೆದುಕೊಳ್ಳಬೇಕು. ತಲೆತಲಾಂತರದಿಂದ ಅವನ ಮನೆಯವರು ಮಾಡಿಕೊಂಡು ಬಂದ ಬೈರಪ್ಪನ ಪೂಜೆಯೂ ಅವತ್ತಿಗೆ ಅವರ ಕೈತಪ್ಪಬೇಕು.

ಬಲ್ಲವರು ಬಂದಿದ್ದರು. ಅಸಲಿ ಎಂದೂ ಹೇಳಿದ್ದರು.

"ಏನ್ ಮೇಡಂ ಇದು, ಮುಹೂರ್ತ ಮೀರ್ತಾ ಇದೆ," ಎಂದ ನಂದಕುಮಾರ್. ದೇವನಹಳ್ಳಿ ರಸ್ತೆಯಲ್ಲಿ ಸೈಟು ಮಾರಿ ದುಡ್ಡು ಮಾಡಿ, ಈಗ ಹಳೆಯ ಕಲ್ಲುಗಳನ್ನು ಉಳಿಸುವ ಟ್ರಸ್ಟು ಕಟ್ಟಿಕೊಂಡವನು. ನಗು ಮಾತ್ರ ಸೈಟು ಮಾರುವಾಗಿನದೇ. "ನಿಮ್ ಗುರುಗಳೇ ಓದಿ ಹೇಳಾಯ್ತು. ಶಿಷ್ಯೆದು ಇನ್ನೇನು?"

ಇನ್‌ಸ್ಪೆಕ್ಟರ್ ವೆಂಕಟರಾಯಪ್ಪ ಅರ್ಪಿತಳ ಪಕ್ಕಕ್ಕೆ ಬಂದು ದನಿ ತಗ್ಗಿಸಿದ. "ಮೇಡಮ್ಮೋರೆ, ಹೇಳೋದಿದ್ರೆ ಈಗ್ಲೇ ಹೇಳ್ಬುಡಿ. ಕಲ್ಲು ಗುಂಡಿಗೆ ಇಳಿದ್ಮೇಲೆ ನನ್ ಕೈಲಿ ಏನೂ ಇರಲ್ಲ."

ಅರ್ಪಿತ ಕೈಚೀಲದೊಳಗಿನ ಜೆರಾಕ್ಸ್ ಹಾಳೆಯನ್ನು ಬೆಳಗಿನಿಂದ ಎಷ್ಟು ಸಲ ಮುಟ್ಟಿ ನೋಡಿಕೊಂಡಿದ್ದಳೋ. ಮನೆಗೆ ಬೀಗ ಹಾಕಿದ ಮೇಲೂ ಗ್ಯಾಸ್ ಆರಿಸಿದೆನೇ ಎಂದು ವಾಪಸ್ಸು ಹೋಗಿ ನೋಡುವ ಹೆಂಗಸು ಅವಳು. ಶಾಸನಶಾಸ್ತ್ರ ಓದಿ, ಈಗ ಹೊಸಕೋಟೆಯಲ್ಲಿ ಕೂತು ಪ್ರಕಾಶಕರಿಗೆ ಕರಡು ತಿದ್ದುತ್ತಾ ಬದುಕುವವಳು. ಬೇರೆಯವರ ತಪ್ಪು ಹುಡುಕಿ ಅನ್ನ ತಿನ್ನುವವಳಿಗೆ ತನ್ನ ತಪ್ಪಿನ ಭಯ ಹೆಚ್ಚು. ಇವತ್ತು ತಾನು ತಪ್ಪಿದರೆ ಬೀಳುವುದು ತಾನಲ್ಲ, ಆ ನೀಲಿ ಅಂಗಿಯವನು.

"ವೇಣುಗೋಪಾಲ್ ಸರ್," ಎಂದಳು. "ದಯವಿಟ್ಟು ಇನ್ನೊಂದು ಸಲ ಓದ್ತೀರಾ?"

ಚಪ್ಪರದ ಕೆಳಗೆ ಕುರ್ಚಿಯಲ್ಲಿ ಕೂತಿದ್ದ ವೇಣುಗೋಪಾಲ್ ಎದ್ದು ಬಂದರು. ಅವಳಿಗೆ ಶಾಸನ ಓದಲು ಕಲಿಸಿದ ಮೇಷ್ಟ್ರು. ಕಲ್ಲಿನ ಮುಂದೆ ಬಗ್ಗಿ, ಬೆರಳಿಟ್ಟು, ಮೇಲಿನ ಎರಡು ಸಾಲುಗಳನ್ನು ಸಾವಕಾಶವಾಗಿ ಓದಿದರು.

"ಮಾರಗವುಂಡನ ಮಗ ಬೈರ... ತುಱುವಂ ಮಗುಳ್ಚಿ ಸತ್ತ. ಮಾರಗೌಡನ ಮಗ ಬೈರ, ಕಳ್ಳರು ಹೊಡೆದುಕೊಂಡು ಹೋಗಿದ್ದ ದನಗಳನ್ನ ಹಿಂದಕ್ಕೆ ತಂದು, ಸತ್ತ. ನೂರು ವರ್ಷದ ಹಿಂದೆ ಅಚ್ಚಾದ ಶಾಸನ ಸಂಪುಟದಲ್ಲೂ ಇದೇ ಇದೆಯಮ್ಮ."

"ಪುಸ್ತಕಕ್ಕೂ ಕಲ್ಲಿಗೂ ಒಂದು ಅಕ್ಷರದ ವ್ಯತ್ಯಾಸವೂ ಇಲ್ವಾ ಸರ್?"

"ಒಂದೂ ಇಲ್ಲ."

"ಅದೇ ಸರ್, ನನಗೆ ಭಯ ಆಗಿರೋದು."

ಗುಂಪಿನಲ್ಲಿ ಯಾರೋ ನಕ್ಕರು. "ಲೇ, ಸರಿ ಇದ್ರೂ ಭಯ ಅಂತಲ್ಲೋ ಗುರು!" ಇನ್ನೊಬ್ಬ, "ಸುಮ್ನಿರಲಾ, ಕೇಳಾನ," ಎಂದು ಗದರಿದ.

ಅರ್ಪಿತ ಮೊಬೈಲ್ ತೆಗೆದು ಇನ್‌ಸ್ಪೆಕ್ಟರ್ ಮುಂದೆ ಹಿಡಿದಳು. ಆ ಹಳೆಯ ಸಂಪುಟವನ್ನು ಯಾರೋ ಪುಣ್ಯಾತ್ಮರು ಸ್ಕ್ಯಾನ್ ಮಾಡಿ ಅಂತರ್ಜಾಲಕ್ಕೆ ಹಾಕಿದ್ದರು. ಶಾಸನ ಓದುವವರೆಲ್ಲ ಈಗ ನೋಡುವುದು ಅದನ್ನೇ.

"ಸಾರ್, ಇಲ್ನೋಡಿ. 'ತುಱುವಂ ಮಗುಳ್ಚಿ' ಅನ್ನೋದರ ತುದೀಲಿ ಏನಿದೆ?"

ವೆಂಕಟರಾಯಪ್ಪ ಪರದೆಯನ್ನು ಹಿಗ್ಗಿಸಿದ. "ನೊಣ ಕೂತಂಗಿದೆ. ನಕ್ಷತ್ರ?"

"ನಕ್ಷತ್ರ ಅಂದ್ರೆ, ಪುಟದ ಕೆಳಗಡೆ ಏನೋ ಹೇಳಿದೆ ಅಂತ. ಕೆಳಗೆ ನೋಡಿ."

"ಕೆಳಗೆ ಏನೂ ಇಲ್ವಲ್ಲ."

"ಇಲ್ಲ. ಸ್ಕ್ಯಾನ್ ಮಾಡಿದವರು ಪುಟದ ಅಂಚನ್ನ ಕತ್ತರಿಸಿದ್ದಾರೆ. ಅಡಿಟಿಪ್ಪಣಿ ಹೊರಟುಹೋಗಿದೆ." ಅವಳು ಚೀಲದಿಂದ ಹಾಳೆ ಎಳೆದಳು. ಮಡಿಕೆ ಬಿಡಿಸಿ ಎರಡೂ ಕೈಯಲ್ಲಿ ಹಿಡಿದಳು. "ನಿನ್ನೆ ಬೆಂಗಳೂರಿನ ಗ್ರಂಥಾಲಯದಲ್ಲಿ ಕಾಗದದ ಪುಸ್ತಕವನ್ನೇ ತೆಗೆಸಿದೆ. ಇದು ಅದೇ ಪುಟ, ಪೂರ್ತಿ."

ಪುಟದ ತಳದಲ್ಲಿ, ಇರುವೆಸಾಲಿನಂಥ ಅಚ್ಚಿನಲ್ಲಿ, ಇಂಗ್ಲಿಷಿನ ಒಂದು ಸಾಲು ಇತ್ತು. ಅರ್ಪಿತ ಕನ್ನಡದಲ್ಲಿ ಹೇಳಿದಳು. "ಶಿಲೆಯ ಮೇಲೆ ಈ ಮಾತು ಎರಡು ಸಲ ಇದೆ. ಕೆತ್ತಿದವನ ಕೈತಪ್ಪು. ಆಮೇಲೆ ಒಂದೇ ಪದ – ಎಮೆಂಡೆಡ್."

ನಂದಕುಮಾರ್ ಜೋರಾಗಿಯೇ ನಕ್ಕ. "ಅಷ್ಟೇನಾ! ಅಮೆಂಡೋ ಎಮೆಂಡೋ, ಎರಡೂ ತಿದ್ದೋದು ತಾನೇ ಮೇಡಂ? ಇದಕ್ಕೆ ಕ್ರೇನ್ ನಿಲ್ಸಿದ್ರಾ? ಗಂಟೆ ಲೆಕ್ಕದಲ್ಲಿ ಬಾಡಿಗೆ ಅದು."

"ಎರಡೂ ತಿದ್ದೋದೇ. ಆದ್ರೆ ಎರಡೂ ಒಂದೇ ಅಲ್ಲ," ಎಂದಳು ಅರ್ಪಿತ. ಪದದ ವಿಷಯ ಬಂದರೆ ಅವಳ ಭಯ ಯಾವಾಗಲೂ ಸ್ವಲ್ಪ ಹಿಂದೆ ಸರಿಯುತ್ತಿತ್ತು. "ಅಮೆಂಡ್ ಮಾಡೋದು ಕಾನೂನನ್ನ. ಹಳೇದು ಬೇಡ, ಇನ್ಮೇಲೆ ಹೀಗಿರ್ಲಿ ಅಂತ. ಎಡಿಟ್ ಅಂದ್ರೆ ಸೇರಿಸೋದು, ಕತ್ತರಿಸೋದು, ಎಲ್ಲಾ ಬಂತು. ಎಮೆಂಡ್ ಮಾಡೋರಿಗೆ ಅಷ್ಟು ಸ್ವಾತಂತ್ರ್ಯ ಇಲ್ಲ. ಯಾವತ್ತೋ ಸತ್ತುಹೋದ ಒಬ್ಬರು ಬರೆದಿಟ್ಟಿದ್ದಾರೆ. ಅದರಲ್ಲಿ ಕೈತಪ್ಪು ಇದೆ ಅನ್ಸುತ್ತೆ. ಅವರು ಏನು ಬರೆಯೋಕೆ ಹೊರಟಿದ್ರೋ ಅದನ್ನ ಊಹಿಸಿ, ನಮ್ಮ ಪ್ರತಿಯಲ್ಲಿ ಮಾತ್ರ ಸರಿಮಾಡೋದು. ಮೂಲವನ್ನ ಮುಟ್ಟೋ ಹಾಗಿಲ್ಲ. ಮೊದಲು ಹೇಗಿತ್ತು ಅಂತ ಕೆಳಗೆ ಬರೆದಿಡದೇ ಇರೋ ಹಾಗೂ ಇಲ್ಲ."

"ಪಂಚನಾಮೇಲಿ ತಪ್ಪಾದ್ರೆ ನಾವು ಅಡ್ಡಗೆರೆ ಎಳ್ದು ಪಕ್ಕಕ್ಕೆ ಸೈನ್ ಹಾಕ್ತೀವಲ್ಲ," ಎಂದ ವೆಂಕಟರಾಯಪ್ಪ. "ಹೊಡೆದಿದ್ದೂ ಕಾಣ್ಬೇಕು, ಹೊಡೆದೋನೂ ಕಾಣ್ಬೇಕು."

"ಹೆಚ್ಚುಕಮ್ಮಿ ಹಾಗೇ ಸಾರ್. ಪುಸ್ತಕ ಮಾಡಿದವರು ಮರ್ಯಾದಸ್ಥರು. ಮೇಲೆ ಒಂದು ಸಲ ಅಚ್ಚು ಹಾಕಿ, ಕಲ್ಲಲ್ಲಿ ಎರಡು ಸಲ ಇದೆ ಅಂತ ಕೆಳಗೆ ಒಪ್ಪಿಕೊಂಡ್ರು." ಅವಳು ಕಲ್ಲಿನ ಕಡೆ ತಿರುಗಿದಳು. "ಈ ಕಲ್ಲಲ್ಲಿ ಎಷ್ಟು ಸಲ ಇದೆ?"

ಮೇಷ್ಟ್ರು ಓದಿದ್ದು ಎಲ್ಲರಿಗೂ ಈಗ ತಾನೇ ಕೇಳಿಸಿತ್ತು.

"ಒಂದೇ ಸಲ," ಎಂದ ಆವಲಪ್ಪ. ಬೆಳಗಿನಿಂದ ಅವನು ಆಡಿದ ಮೊದಲ ಮಾತು.

"ಕಲ್ಲನ್ನ ನೋಡಿ ಪುಸ್ತಕ ಹುಟ್ಟಿದ್ರೆ ಇಲ್ಲಿ ಎರಡು ಸಲ ಇರ್ಬೇಕಿತ್ತು. ಪುಸ್ತಕ ನೋಡಿ ಕಲ್ಲು ಹುಟ್ಟಿದೆ. ಅದಕ್ಕೇ ಒಂದು ಅಕ್ಷರವೂ ವ್ಯತ್ಯಾಸ ಇಲ್ಲ."

ಏರಿಯ ಮೇಲೆ ಗುಸುಗುಸು ಎದ್ದಿತು. ನಂದಕುಮಾರನ ನಗು ಮಾತ್ರ ಇನ್ನೂ ಇಳಿದಿರಲಿಲ್ಲ.

"ಒಂದ್ನಿಮಿಷ. ಕಲ್ಲನ್ನೇ ತಿದ್ದಿರಬಹುದಲ್ಲ? ಬ್ರಿಟಿಷರ ಕಾಲದ ಆಫೀಸರುಗಳು ಏನ್ ಬೇಕಾದ್ರೂ ಮಾಡ್ತಿದ್ರು. ತಪ್ಪು ಕಂಡಿದೆ, ಆಳು ಕರ್ಸಿ ಉಳಿ ಹೊಡೆಸಿ ತೆಗೆಸಿದ್ದಾರೆ. ಆಯ್ತು, ಎಮೆಂಡೆಡ್!"

ಈ ಪ್ರಶ್ನೆ ಬರುತ್ತದೆಂದು ಅರ್ಪಿತ ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಹೆದರಿದ್ದಳು. ಹೆದರಿದ್ದರಿಂದಲೇ ಉತ್ತರವೂ ಸಿದ್ಧವಾಗಿತ್ತು.

"ಉಳಿ ತಗೊಂಡವನನ್ನ ಯಾರೂ ಎಮೆಂಡ್ ಮಾಡಿದ ಅನ್ನಲ್ಲ, ಹಾಳು ಮಾಡಿದ ಅಂತಾರೆ. ಹೋಗ್ಲಿ, ಹಾಗೇ ಮಾಡಿದ್ರು ಅಂತಿಟ್ಕೊಳ್ಳೋಣ. ಕಾಗದದ ಮೇಲಿಂದ ಪದ ಅಳಿಸಬಹುದು. ಕಲ್ಲಿನ ಮೇಲೆ ಕೊರೆದಿದ್ದನ್ನ ಅಳಿಸಬೇಕಾದ್ರೆ ಸುತ್ತಲಿನ ಕಲ್ಲನ್ನೂ ಅಷ್ಟೇ ಆಳ ಕೆರೆದು ತೆಗೀಬೇಕು. ತಗ್ಗು ಬೀಳುತ್ತೆ. ಪಕ್ಕದ ಪದಗಳ ನಡುವೆ ಜಾಗ ಖಾಲಿ ಉಳಿಯುತ್ತೆ. ಸಾರ್, ನೀವೇ ಮುಟ್ಟಿ ನೋಡಿ."

ವೆಂಕಟರಾಯಪ್ಪ ಟೋಪಿ ತೆಗೆದು ಪೇದೆಯ ಕೈಗಿತ್ತ. ಬೂಟು ಬಿಚ್ಚಿ ಕಲ್ಲಿನ ಹತ್ತಿರ ಹೋದ. ನಕಲಿಯೋ ಅಸಲಿಯೋ ತೀರ್ಮಾನವಾಗುವ ತನಕ ದೇವರು ದೇವರೇ. ಅಂಗೈಯಿಟ್ಟು ಆ ಸಾಲಿನುದ್ದಕ್ಕೂ ಸವರಿದ. ಮತ್ತೆ ವಾಪಸ್ಸು ಸವರಿದ.

"ಅಡುಗೆಮನೆ ಕಟ್ಟೆ ಇದ್ದಂಗಿದೆ," ಎಂದ. "ತಗ್ಗೂ ಇಲ್ಲ, ಉಬ್ಬೂ ಇಲ್ಲ. ಖಾಲಿ ಜಾಗಾನೂ ಇಲ್ಲ."

"ಪುಸ್ತಕದ ಮಾತು ಪುಸ್ತಕಕ್ಕಾಯ್ತು!" ನಂದಕುಮಾರ್ ಊರಿನವರ ಕಡೆ ತಿರುಗಿದ. ನಗು ಈಗ ಬಾಯಲ್ಲಿತ್ತು, ಕಣ್ಣಲ್ಲಿರಲಿಲ್ಲ. "ಯಜಮಾನ್ರೇ, ನೀವೇ ಹೇಳಿ. ನಿಮ್ಮಲ್ಲಿ ಯಾರಾದ್ರೂ ಎರಡು ಸಲ ಇದ್ದಿದ್ದು ಕಣ್ಣಾರೆ ಕಂಡಿದೀರಾ?"

ಯಾರೂ ಕಂಡಿರಲಿಲ್ಲ. ಕಾಣುವುದು ಸಾಧ್ಯವೂ ಇರಲಿಲ್ಲ. ವರ್ಷವರ್ಷವೂ ಬೈರಪ್ಪನಿಗೆ ಸುಣ್ಣ ಬಳಿದು, ಮೇಲೆ ಅರಿಶಿನ ಹಚ್ಚಿ, ಎಣ್ಣೆ ಸುರಿದು ಅಕ್ಷರಗಳೆಲ್ಲ ಎಂದೋ ಒಳಗೆ ಮುಚ್ಚಿಹೋಗಿದ್ದವು. ಹಿರಿಯರು ಮುಖ ಮುಖ ನೋಡಿಕೊಂಡರು.

ಆಗ ಹೆಂಗಸರ ಗುಂಪಿನಿಂದ ಮುನಿತಾಯಮ್ಮ ಎದ್ದಳು. ಆವಲಪ್ಪನ ತಾಯಿ. ಕಲ್ಲಿಗೆ ಹಚ್ಚಲು ತಂದಿದ್ದ ಎಣ್ಣೆಯ ಬಟ್ಟಲು ಕೈಯಲ್ಲೇ ಇತ್ತು.

"ಅಮ್ಮಣ್ಣಿ, ಎಲ್ಡು ಸತಿ ಅಂತ ಇತ್ತು ಅಂದ್ಯಲ್ಲ, ಯಾವ ಮಾತು ಅದು?"

"'ತುಱುವಂ ಮಗುಳ್ಚಿ' ಅನ್ನೋ ಮಾತು ಕಣಮ್ಮ. ಈಗಿನ ಮಾತಲ್ಲಿ 'ತುರುವ ತಂದ', ದನ ಹಿಂದಕ್ಕೆ ತಂದ ಅಂತ."

"ಅಯ್ಯೋ ನನ್ನಪ್ಪನೇ!" ಮುನಿತಾಯಮ್ಮ ಬಟ್ಟಲನ್ನು ನೆಲಕ್ಕಿಟ್ಟು, ಸೆರಗು ಸರಿಮಾಡಿಕೊಂಡು, ಕಣ್ಣು ಮುಚ್ಚಿದಳು. ದನಿ ಮುದಿಯಾಗಿತ್ತು, ಆದರೆ ಏರಿಯ ಆಚೆ ತುದಿಗೂ ಕೇಳುವಷ್ಟಿತ್ತು.

"ತುರುವ ತಂದ, ತುರುವ ತಂದ, ತಾನು ಮನೆಗೆ ಬರಲಿಲ್ಲೋ..."

ಅವಳು ಇನ್ನೊಂದು ಸಲ ಶುರುಮಾಡುವುದರೊಳಗೆ ಪಕ್ಕದ ಹೆಂಗಸರು ದನಿಗೂಡಿಸಿದ್ದರು. ಆಮೇಲೆ ಗಂಡಸರು. ಕೊನೆಗೆ ಕ್ರೇನಿನ ಮೇಲೆ ಕೂತಿದ್ದ ಡ್ರೈವರ್ ಬಿಟ್ಟು ಎಲ್ಲರೂ. ದೀಪ ಹಚ್ಚುವಾಗ, ಮೊದಲ ಹಾಲು ಎರೆಯುವಾಗ, ಕರು ಹಾಕಿದ ಹಸುವನ್ನು ಕಲ್ಲಿನ ಸುತ್ತ ಹೊಡೆಯುವಾಗ ಅವರು ಹುಟ್ಟಿದಾಗಿನಿಂದ ಹೇಳಿಕೊಂಡು ಬಂದದ್ದು. ಅದರಲ್ಲಿ ಏನಾದರೂ ಸಾಕ್ಷಿ ಇದೆಯೆಂದು ಯಾರಿಗೂ ಹೊಳೆದಿರಲಿಲ್ಲ.

"ಎಲ್ಡು ಸತಿ ಅನ್ಲೇಬೇಕು," ಎಂದಳು ಮುನಿತಾಯಮ್ಮ, ಮಗುವಿಗೆ ಹೇಳುವಂತೆ. "ನಮ್ಮತ್ತೆ ಹೊಡ್ದು ಕಲ್ಸಿದ್ಲು. ಒಂದೇ ಸತಿ ಅಂದ್ರೆ ದನ ಅರ್ಧ ದಾರೀಲೇ ನಿಂತ್ಕಂಬಿಡ್ತವೆ, ಊರಿಗೆ ಬರಾಕಿಲ್ಲ."

ಅರ್ಪಿತ ಹಾಳೆಯನ್ನು ನೋಡಿದಳು. ಹಾಳೆಯ ತಳದ ಆ ಇರುವೆಸಾಲನ್ನು ನೋಡಿದಳು. ಇದ್ದಕ್ಕಿದ್ದಂತೆ ಅವಳಿಗೆ ನಗು ಬಂತು. ಭಯವೆಲ್ಲ ಕಳಚಿ ಬಿದ್ದಂಥ ನಗು.

"ಅದು ತಪ್ಪೇ ಆಗಿರಲಿಲ್ಲ ಸರ್!" ಎಂದಳು ವೇಣುಗೋಪಾಲರ ಕಡೆ ತಿರುಗಿ. "ಕಲ್ಲು ಕೆತ್ತಿದವನ ಕೈ ತಪ್ಪಿರಲಿಲ್ಲ. ಊರು ಹಾಡಿದ ಹಾಗೆ ಕೆತ್ತಿದ್ದ. ಪುಸ್ತಕ ಮಾಡಿದವರಿಗೆ ಹಾಡು ಗೊತ್ತಿರಲಿಲ್ಲ, ತಪ್ಪು ಅಂದ್ಕೊಂಡು ತೆಗೆದ್ರು. ಆದ್ರೆ ತೆಗೆದಿದೀವಿ ಅಂತ ಹೇಳಿಟ್ರು ನೋಡಿ, ಅಷ್ಟೇ ನಮ್ಮನ್ನ ಕಾಪಾಡಿತು!"

ವೇಣುಗೋಪಾಲ್ ತಲೆದೂಗಿದರು. "ನಾನು ಸೋತೆ ಕಣಮ್ಮ," ಎಂದರು ಎಲ್ಲರಿಗೂ ಕೇಳುವಂತೆ. "ನಾನು ಸ್ಕ್ಯಾನ್ ಪ್ರತಿ ನಂಬಿದೆ. ಈ ಕಲ್ಲು ನಕಲಿ. ನನ್ನ ಮಾತು ವಾಪಸ್ ತಗೋತಿದೀನಿ."

ತಮಟೆಯವನಿಗೆ ಯಾರೂ ಹೇಳಬೇಕಾಗಲಿಲ್ಲ. ಏಟು ಬಿತ್ತು. ಯಾರೋ ಆವಲಪ್ಪನನ್ನು ಎತ್ತಿ ಹೆಗಲಿಗೇರಿಸಿದರು. "ಬಿಡ್ರೋ, ಬಿಡ್ರಲಾ," ಎನ್ನುತ್ತಿದ್ದವನ ದನಿ ಅಳುವಿನಲ್ಲಿ ಕಟ್ಟಿಹೋಯಿತು. ಅವನ ಟವೆಲ್ಲನ್ನು ಹಿರಿಯರಲ್ಲೊಬ್ಬರು ಕಸಿದು ಪೇಟದ ಹಾಗೆ ಅವನ ತಲೆಗೇ ಸುತ್ತಿದರು. ನಿನ್ನೆಯ ತನಕ ಅವನ ಮನೆಗೆ ಬೆಂಕಿ ಕೊಡಲೂ ಹಿಂದೆಮುಂದೆ ನೋಡುತ್ತಿದ್ದ ಹೆಂಗಸರು ಮುನಿತಾಯಮ್ಮನ ಕೆನ್ನೆಗೆ ಅರಿಶಿನ ಮೆತ್ತುತ್ತಿದ್ದರು.

"ನಂಗೇನೂ ಗೊತ್ತಿಲ್ಲ," ಎಂದ ನಂದಕುಮಾರ್. ನಗು ಎಲ್ಲಿ ಹೋಯಿತೋ, ಮುಖ ತೊಳೆದಿಟ್ಟ ತಟ್ಟೆಯಂತಾಗಿತ್ತು. "ನಾನು ಕೆತ್ಸಿಲ್ಲ. ನಂಗೂ ಮೋಸ ಆಗಿದೆ."

"ಅಸಲಿ ಕಲ್ಲು ಊರಲ್ಲಿ ಇರುವಾಗಲೇ ನಕಲು ಸಿದ್ಧ ಆಗಿತ್ತು," ಎಂದಳು ಅರ್ಪಿತ. "ಸುಣ್ಣದ ಕೆಳಗಿನ ಅಕ್ಷರ ಕಾಣ್ತಿರಲಿಲ್ಲ, ಅದಕ್ಕೇ ಪುಸ್ತಕ ನೋಡಿ ಕೆತ್ತಿಸಿದ್ದು. ತಗೊಂಡು ಹೋದ ಅಸಲಿಯನ್ನ ತೊಳೆದು ನೋಡೋ ತಾಳ್ಮೆಯೂ ನಿಮಗಿರಲಿಲ್ಲ. ತೊಳೆದಿದ್ರೆ ಗೊತ್ತಾಗ್ತಿತ್ತು."

ವೆಂಕಟರಾಯಪ್ಪ ಟೋಪಿ ಹಾಕಿಕೊಂಡ. "ನಂದಕುಮಾರ್ ಸಾಹೇಬ್ರೇ, ಜೀಪಲ್ಲಿ ಮುಂದ್ಗಡೆ ಕೂತ್ಕೋತೀರೋ, ಹಿಂದ್ಗಡೆನೋ? ಮುಂದ್ಗಡೆ ಬೇಕಂದ್ರೆ ಅಸಲಿ ಕಲ್ಲೆಲ್ಲಿದೆ ಹೇಳ್ಕೊಂಡು ಕೂತ್ಕೊಳಿ." ಆಮೇಲೆ ಕ್ರೇನಿನವನಿಗೆ ಕೈ ಮಾಡಿದ. "ಏಯ್ ಗುರು, ಎತ್ತು ಮೇಲಕ್ಕೆ. ಟೆಂಪೋಗೆ ಹಾಕು, ಸ್ಟೇಷನ್ನಿಗೆ ಹೋಗ್ಲಿ. ಇವ್ನೂ ಒಬ್ಬ ಸಾಕ್ಷಿ."

ಗುಂಪು ಜೀಪಿನ ಹಿಂದೆ ಹೊರಟಿತು. ಅರ್ಪಿತ ಅಲ್ಲೇ ನಿಂತಳು. ಹಾಳೆಯನ್ನು ಮಡಿಸಿ ಚೀಲಕ್ಕಿಟ್ಟಳು. ಒಳಗೆಲ್ಲೋ ಸಣ್ಣಗೆ ತಮಟೆ ಬಡಿಯುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಅವಳಿಗೆ ತಾನು ಓದಿದ್ದು ವ್ಯರ್ಥವಾಗಲಿಲ್ಲ ಅನ್ನಿಸಿತ್ತು.

ಕ್ರೇನು ಗುರುಗುಟ್ಟಿತು. ಕಲ್ಲು ಮೇಲೇರಿತು. ಬುಡಕ್ಕೆ ಉಡಿಸಿದ್ದ ಪಂಚೆ ಹಗ್ಗಕ್ಕೆ ಸಿಕ್ಕು ಜಾರಿ ಗುಂಡಿಯೊಳಗೆ ಬಿತ್ತು.

ಅದರ ಕೆಳಗೆ ಇನ್ನೊಂದು ಸಾಲಿತ್ತು. ನೆಟ್ಟಿದ್ದರೆ ಮಣ್ಣಿನೊಳಗೆ ಮುಚ್ಚಿಹೋಗುತ್ತಿದ್ದ ಮೂರನೆಯ ಸಾಲು.

ಪುಸ್ತಕದಲ್ಲಿ ಆ ಸಾಲಿನ ಜಾಗದಲ್ಲಿ ಇದ್ದದ್ದು ಬರೀ ಚುಕ್ಕೆಗಳು. ಸವೆದುಹೋಗಿದೆ, ಓದಲಾಗದು ಎಂದು ಸಂಪಾದಕರು ಬಿಟ್ಟಿದ್ದರು. ಇಲ್ಲಿ ಅಕ್ಷರಗಳು ತುಂಬಿಕೊಂಡಿದ್ದವು, ದುಂಡಗೆ, ಬಿಸಿಲಿಗೆ ಹೊಳೆಯುತ್ತಾ. ಅರ್ಪಿತ ತುಟಿಯಲ್ಲೇ ಓದಿದಳು.

'ಆತನ ತಾಯಿ ಮುದ್ದವ್ವೆ ಕಲ್ಲ ನಿಱಿಸಿದಳ್.'

ಅವನ ತಾಯಿ ಮುದ್ದವ್ವೆ ಈ ಕಲ್ಲನ್ನು ನಿಲ್ಲಿಸಿದಳು.

ಇನ್ನೊಂದು ಸಲ ಓದಿದಳು. ಮುದ್ದವ್ವೆ ಎಂಬೊಬ್ಬಳು ಲೋಕದಲ್ಲಿ ಇದ್ದಳೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಆ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಓದುವ ದಿನಗಳಲ್ಲಿ, ಕಲ್ಲನ್ನು ಕಾಣದೆ, ಆ ಚುಕ್ಕೆಗಳ ಸಾಲಿನಲ್ಲಿ ಏನಿದ್ದಿರಬಹುದೆಂದು ಅರ್ಪಿತ ತಾನೇ ಊಹಿಸಿ, ತನ್ನ ಪ್ರಬಂಧದ ಕರಡಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದ ಸಾಲು ಅದು. ಒಪ್ಪಿಸುವ ಮೊದಲೇ ಅಳಿಸಿದ್ದಳು. ಅಳಿಸುವ ಮೊದಲು ಆ ಕರಡನ್ನು ಓದಿದವರು ಒಬ್ಬರೇ.

ತಿರುಗಿ ನೋಡಿದಳು. ವೇಣುಗೋಪಾಲ್ ಚಪ್ಪರದ ಕೆಳಗೆ ಮತ್ತೆ ಕುರ್ಚಿಯಲ್ಲಿ ಕೂತಿದ್ದರು. ಖಾಲಿಯಾದ ಕುರ್ಚಿಗಳ ನಡುವೆ, ಕನ್ನಡಕ ಒರೆಸುತ್ತಾ, ಅವಳನ್ನೇ ನೋಡುತ್ತಿದ್ದರು.

ಶಾಸನ ಸಂಪುಟ ಕೈಗೆ ಬಂದರೆ ಮೊದಲು ಅಡಿಟಿಪ್ಪಣಿ ಓದು, ಆಮೇಲೆ ಪುಟ ಓದು ಎಂದು ತರಗತಿಯ ಮೊದಲ ದಿನವೇ ಅವಳಿಗೆ ಹೇಳಿಕೊಟ್ಟವರು. ಅಂಥವರು ಆ ನಕ್ಷತ್ರವನ್ನು ಮರೆತರೇ? ಮರೆಯಲು ಸಾಧ್ಯವೇ ಇಲ್ಲ. ಹಾಗಾದರೆ ನಕಲಿಗೆ ಸಾಲು ಬರೆದುಕೊಟ್ಟವರು ಅವರೇ; ಆ ತಪ್ಪನ್ನು ಕಲ್ಲಿನ ಮೇಲೆ ಬೇಕೆಂದೇ ಉಳಿಸಿದ್ದು ಯಾರಿಗಾಗಿ?

"ಬಾಮ್ಮ ಅರ್ಪಿತ, ಕೂತ್ಕೋ," ಎಂದರು ಅವರು, ಪಕ್ಕದ ಕುರ್ಚಿಯನ್ನು ಎಳೆದು. "ಮೂರನೇ ಸಾಲೂ ಓದಿದೆ ತಾನೇ?"